ಗಜೇಂದ್ರನ ಕೂಗು: ರೋಗಿಗಳಿಗೂ ಬಂಧುಗಳಿಗೂ ಒಂದು ಪಾಠ



ಆಸ್ಪತ್ರೆಗೆ ಬರುವಾಗ ಬಹಳ ಜನ ಬಟ್ಟೆಬರೆ, ತಟ್ಟೆ ಲೋಟ, ಹಳೆಯ ಔಷಧಿ ಚೀಟಿಗಳ ಜೊತೆಗೆ ಒಂದು ಚಿಕ್ಕ ಸ್ತೋತ್ರದ ಪುಸ್ತಕವನ್ನೂ ಚೀಲದಲ್ಲಿ ಇಟ್ಟುಕೊಂಡು ಬರುತ್ತಾರೆ. ಆ ಪುಸ್ತಕಗಳಲ್ಲಿ ಹೆಚ್ಚಾಗಿ ಕಾಣುವ ಸ್ತೋತ್ರಗಳಲ್ಲಿ ಗಜೇಂದ್ರ ಮೋಕ್ಷವೂ ಒಂದು. ಮೊಸಳೆ ಹಿಡಿದ ಆನೆಯನ್ನು ದೇವರು ಬಂದು ಬಿಡಿಸಿದ ಕಥೆ ನಿಮಗೆಲ್ಲ ಗೊತ್ತೇ ಇದೆ. ಹರಿದಾಸರ ಪದಗಳಲ್ಲಿ ದ್ರೌಪದಿ, ಪ್ರಹ್ಲಾದ, ಅಜಾಮಿಳರ ಜೊತೆಯಲ್ಲಿ ಈ ಕರಿರಾಜನ ನೆನಪು ಮತ್ತೆ ಮತ್ತೆ ಬರುತ್ತದೆ. ಕಾಯಿಲೆ ಬಿದ್ದವರಿಗೆ ಈ ಕಥೆ ಏಕೆ ಇಷ್ಟು ಹತ್ತಿರ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಲು ಸಿಕ್ಕಿಹಾಕಿಕೊಂಡಿದೆ, ಬಲ ಸಾಲುತ್ತಿಲ್ಲ, ಯಾರಾದರೂ ಬರಬೇಕು ಎನ್ನುವ ಸ್ಥಿತಿ ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿದವರಿಗೆಲ್ಲ ಗೊತ್ತು.

ನಾನು ದಾದಿಯರಿಗೆ ಪಾಠ ಹೇಳುವವಳು. ರೋಗಿಗಳಿಗೆ ತಿಳಿವಳಿಕೆ ನೀಡುವುದೂ ನನ್ನ ಕೆಲಸವೇ. ಈ ಕಥೆಯಲ್ಲಿ ಕಾಯಿಲೆಯವರೂ ಅವರ ಮನೆಯವರೂ ಕಲಿಯಬೇಕಾದ ಒಂದು ಮುಖ್ಯ ಮಾತಿದೆ. ಸಹಾಯಕ್ಕೆ ಕೂಗುವುದು ಸೋಲಲ್ಲ, ನಾಚಿಕೆಯಲ್ಲ, ಬೇರೆಯವರಿಗೆ ಕೊಡುವ ತೊಂದರೆಯೂ ಅಲ್ಲ. ಮತ್ತೆ, ಕೂಗುವುದಾದರೆ ಬೇಗ ಕೂಗಬೇಕು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಕಥೆಯನ್ನು ಇನ್ನೊಮ್ಮೆ ನಿಧಾನವಾಗಿ ನೋಡೋಣ.

ಕಥೆ ಎಲ್ಲಿದೆ, ಏನಿದೆ?

ಗಜೇಂದ್ರ ಮೋಕ್ಷ ಶ್ರೀಮದ್ಭಾಗವತದ 8ನೇ ಸ್ಕಂಧದಲ್ಲಿ 2, 3 ಮತ್ತು 4ನೇ ಅಧ್ಯಾಯಗಳಲ್ಲಿ ಬರುತ್ತದೆ. ಶುಕಮುನಿಗಳು ಪರೀಕ್ಷಿತ ರಾಜನಿಗೆ ಇದನ್ನು ಹೇಳುತ್ತಾರೆ. 2ನೇ ಅಧ್ಯಾಯದಲ್ಲಿ ಆನೆ ಸಿಕ್ಕಿಬೀಳುತ್ತದೆ. 3ನೇ ಅಧ್ಯಾಯದಲ್ಲಿ ಸ್ತೋತ್ರ ಮತ್ತು ಬಿಡುಗಡೆ. 4ನೇ ಅಧ್ಯಾಯದಲ್ಲಿ ಆನೆ ಮತ್ತು ಮೊಸಳೆಯ ಹಿಂದಿನ ಜನ್ಮದ ವಿಷಯ. ನಮ್ಮ ಪಕ್ಕದ ತೆಲುಗು ನಾಡಿನಲ್ಲಿ 15ನೇ ಶತಮಾನದ ಕವಿ ಬಮ್ಮೆರ ಪೋತನ ಇದನ್ನು ಎಷ್ಟು ಸೊಗಸಾಗಿ ಹಾಡಿದನೆಂದರೆ ಓದು ಬಾರದವರ ಬಾಯಲ್ಲೂ ಅವನ ಪದ್ಯಗಳು ಉಳಿದವು. ಉತ್ತರ ಪ್ರದೇಶದ ದೇವಗಢದಲ್ಲಿ ಗುಪ್ತರ ಕಾಲದ ದಶಾವತಾರ ದೇವಾಲಯವಿದೆ. ಅದರ ಗೋಡೆಯ ಮೇಲೂ ಈ ಕಥೆಯನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ಬಿಹಾರದಲ್ಲಿ ಗಂಡಕಿ ನದಿ ಗಂಗೆಯನ್ನು ಸೇರುವ ಸೋನ್‌ಪುರದ ಬಳಿಯೇ ಆನೆ ಮೊಸಳೆಗಳ ಹೋರಾಟ ನಡೆಯಿತೆಂದು ಅಲ್ಲಿಯ ಜನ ನಂಬುತ್ತಾರೆ. ಅಲ್ಲಿರುವ ದೇವಾಲಯ ಹರಿಹರನಾಥನದು, ಅಂದರೆ ಹರಿಯೂ ಹರನೂ ಒಂದಾಗಿರುವ ದೇವರದು. ಕಾರ್ತಿಕ ಹುಣ್ಣಿಮೆಗೆ ದೊಡ್ಡ ಜಾತ್ರೆ ಸೇರುತ್ತದೆ.

ಈಗ ಕಥೆ. ತ್ರಿಕೂಟ ಎಂಬ ಬೆಟ್ಟದ ಕಾಡಿನಲ್ಲಿ ಒಂದು ಆನೆಗಳ ಹಿಂಡು. ಅದರ ಯಜಮಾನನೇ ಗಜೇಂದ್ರ. ಅವನ ವಾಸನೆ ತಗುಲಿದರೆ ಸಾಕು, ಹುಲಿ ಸಿಂಹಗಳೂ ದೂರ ಸರಿಯುತ್ತಿದ್ದವು. ಒಂದು ದಿನ ಬಿಸಿಲಿಗೆ ಬಳಲಿ, ಬಾಯಾರಿ, ಹಿಂಡಿನೊಡನೆ ತಾವರೆ ತುಂಬಿದ ಸರೋವರಕ್ಕೆ ಇಳಿದ. ತಾನು ಕುಡಿದ, ಮಿಂದ. ಆಮೇಲೆ ಮನೆಯ ಯಜಮಾನನಂತೆ ಸೊಂಡಿಲಲ್ಲಿ ನೀರು ತುಂಬಿ ಹೆಂಡತಿಯರಿಗೂ ಮರಿಗಳಿಗೂ ಕುಡಿಸುತ್ತ, ಸ್ನಾನ ಮಾಡಿಸುತ್ತ ನಿಂತ. ತನಗೆ ಬರಲಿರುವ ಅಪಾಯ ಅವನ ಕಣ್ಣಿಗೆ ಬೀಳಲಿಲ್ಲ. ಆಗಲೇ ಬಲಶಾಲಿಯಾದ ಮೊಸಳೆ ಅವನ ಕಾಲನ್ನು ಹಿಡಿಯಿತು.

ಇಲ್ಲಿ ಒಂದು ಕ್ಷಣ ನಿಲ್ಲಿ. ಮನೆಯವರಿಗೆಲ್ಲ ನೀರು ಕುಡಿಸುತ್ತ ನಿಂತವನಿಗೇ ಮೊಸಳೆ ಹಿಡಿಯಿತು. ನಮ್ಮ ವಾರ್ಡುಗಳಲ್ಲಿ ಇಂಥವರೇ ಹೆಚ್ಚು. ಸುಗ್ಗಿ ಮುಗಿಯಲಿ ಎಂದು ಎದೆನೋವನ್ನು ತಡೆದುಕೊಂಡ ರೈತ, ಮಗಳ ಮದುವೆಯಾಗಲಿ ಎಂದು ಸ್ತನದ ಗಂಟನ್ನು ಮುಚ್ಚಿಟ್ಟ ತಾಯಿ, ಮಕ್ಕಳ ಪರೀಕ್ಷೆ ಮುಗಿಯಲಿ ಎಂದು ಕಾಲಿನ ಹುಣ್ಣಿಗೆ ಬಟ್ಟೆ ಸುತ್ತಿಕೊಂಡು ಓಡಾಡಿದ ಸಕ್ಕರೆ ಕಾಯಿಲೆಯ ತಂದೆ. ಇವರನ್ನು ದೂರಬೇಡಿ. ಆದರೆ ಮುಂದೆ ಏನಾಗುತ್ತದೆ ಎಂಬುದನ್ನು ಕಥೆಯಲ್ಲೇ ನೋಡಿ.

ಪಾಠ ಒಂದು: ನೀರಿನಲ್ಲಿ ಮೊಸಳೆಗೇ ಬಲ

ಆನೆಯೂ ಮೊಸಳೆಯೂ ಎಳೆದಾಡುತ್ತ ಸಾವಿರ ವರ್ಷ ಕಳೆಯಿತು ಎನ್ನುತ್ತದೆ ಭಾಗವತ. ದೇವತೆಗಳೇ ಬೆರಗಾಗಿ ನೋಡಿದರಂತೆ. ಆದರೆ ಆ ಹೋರಾಟ ಸಮನಾಗಿರಲಿಲ್ಲ. ದಿನ ಹೋದಂತೆ ಆನೆಯ ಉತ್ಸಾಹ, ದೇಹದ ಬಲ, ಇಂದ್ರಿಯಗಳ ಶಕ್ತಿ ಎಲ್ಲವೂ ಕುಗ್ಗಿದವು. ಮೊಸಳೆಗೆ ಮಾತ್ರ ಬಲ ಹೆಚ್ಚುತ್ತ ಹೋಯಿತು. ಕಾರಣ ಸರಳ. ನೀರು ಮೊಸಳೆಯ ಮನೆ. ಅದಕ್ಕೆ ಆಹಾರ, ಆಶ್ರಯ ಎರಡೂ ಅಲ್ಲಿಯೇ ಇವೆ. ಆನೆಗೆ ಅಲ್ಲಿ ಇವು ಯಾವುವೂ ಇಲ್ಲ.

ಕಾಯಿಲೆಯ ರೀತಿಯೂ ಹೀಗೆಯೇ. ‘ಇನ್ನೆರಡು ದಿನ ನೋಡೋಣ, ನನಗೆ ಶಕ್ತಿ ಇದೆ’ ಎಂದು ನಾವು ಅಂದುಕೊಳ್ಳುತ್ತೇವೆ. ಆ ಎರಡು ದಿನಗಳಲ್ಲಿ ನಮ್ಮ ಶಕ್ತಿ ಇಳಿಯುತ್ತದೆ, ಕಾಯಿಲೆಯ ಶಕ್ತಿ ಏರುತ್ತದೆ. ಸಕ್ಕರೆ ಹೆಚ್ಚಿರುವ ಮೈಯಲ್ಲಿ ಕಾಲಿನ ಸಣ್ಣ ಗಾಯದ ಸೋಂಕು ಬೇಗ ಆಳಕ್ಕೆ ಇಳಿಯುತ್ತದೆ. ಮೊದಲ ವಾರದಲ್ಲಿ ಡ್ರೆಸ್ಸಿಂಗ್ ಮತ್ತು ಮಾತ್ರೆಯಿಂದ ವಾಸಿಯಾಗಬಹುದಾದದ್ದು ತಡವಾದರೆ ಬೆರಳನ್ನೋ ಪಾದವನ್ನೋ ತೆಗೆಯುವ ತನಕ ಹೋಗಬಹುದು.

ಹೃದಯಾಘಾತದಲ್ಲಿ ಲೆಕ್ಕ ದಿನಗಳದ್ದಲ್ಲ, ನಿಮಿಷಗಳದ್ದು. ಹೃದಯಕ್ಕೆ ರಕ್ತ ಕೊಡುವ ನಾಳ ಮುಚ್ಚಿಕೊಂಡಾಗ ಆ ಭಾಗದ ಸ್ನಾಯು ಸಾಯಲು ಶುರುವಾಗುತ್ತದೆ. ಸತ್ತ ಸ್ನಾಯು ಮತ್ತೆ ಮೊದಲಿನಂತೆ ಆಗುವುದಿಲ್ಲ. ಎದೆಯ ನಡುವೆ ಒತ್ತಿದಂತೆ ಅಥವಾ ಹಿಂಡಿದಂತೆ ನೋವು, ಎಡಗೈಗೆ, ಭುಜಕ್ಕೆ, ದವಡೆಗೆ ಹರಡುವ ನೋವು, ತಣ್ಣನೆಯ ಬೆವರು, ಉಸಿರು ಕಟ್ಟುವುದು – ಇವನ್ನು ‘ಗ್ಯಾಸ್ ಆಗಿದೆ’ ಎಂದು ಸೋಡಾ ಕುಡಿದು ಮಲಗಬೇಡಿ. ಸಕ್ಕರೆ ಕಾಯಿಲೆಯವರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ಎದೆನೋವು ಅಷ್ಟಾಗಿ ಇಲ್ಲದೆ ಬರಿಯ ಸುಸ್ತು, ವಾಕರಿಕೆ, ಉಬ್ಬಸದ ರೂಪದಲ್ಲಿಯೂ ಹೃದಯಾಘಾತ ಬರುವುದುಂಟು.

ಲಕ್ವದ ವಿಷಯವೂ ಹೀಗೆಯೇ. ಬಾಯಿ ಒಂದು ಕಡೆಗೆ ವಾಲುವುದು, ಒಂದು ಕೈ ಎತ್ತಲಾಗದಿರುವುದು, ಮಾತು ತೊದಲುವುದು – ಈ ಮೂರರಲ್ಲಿ ಒಂದು ಥಟ್ಟನೆ ಕಂಡರೂ ಗಡಿಯಾರ ನೋಡಿಕೊಂಡು ಕೂಡಲೇ ಹೊರಡಿ. ರಕ್ತ ಹೆಪ್ಪುಗಟ್ಟಿ ಬಂದ ಲಕ್ವದಲ್ಲಿ ಆ ಹೆಪ್ಪನ್ನು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಗಳ ಒಳಗೆ ಕೊಡಬೇಕು. ಆ ಔಷಧಿ ಎಲ್ಲರಿಗೂ ಹೊಂದುವುದಿಲ್ಲ. ಅದನ್ನು ಸ್ಕ್ಯಾನ್ ಮಾಡಿ ವೈದ್ಯರು ತೀರ್ಮಾನಿಸುತ್ತಾರೆ. ಆದರೆ ಹೊತ್ತು ಮೀರಿ ಬಂದರೆ ತೀರ್ಮಾನಿಸಲು ಅವಕಾಶವೇ ಇರುವುದಿಲ್ಲ.

ಪಾಠ ಎರಡು: ಹಿಂದಿನಿಂದ ಎಳೆದ ಬಂಧುಗಳು

ಆನೆಯ ಬಂಧುಗಳು ಅದನ್ನು ಬಿಟ್ಟು ಓಡಿಹೋದರು ಎಂದು ಕೆಲವರು ಕಥೆ ಹೇಳುತ್ತಾರೆ. ಭಾಗವತದಲ್ಲಿ ಮೊದಲು ನಡೆದದ್ದು ಬೇರೆ. ಹೆಣ್ಣಾನೆಗಳು ಗೋಳಾಡಿದವು. ಉಳಿದ ಆನೆಗಳು ಹಿಂದಿನಿಂದ ಹಿಡಿದು ಎಳೆದವು. ಅವುಗಳಿಗೆ ಪ್ರೀತಿ ಇತ್ತು, ಬಲವೂ ಇತ್ತು. ಬಿಡಿಸುವ ದಾರಿ ಮಾತ್ರ ಗೊತ್ತಿರಲಿಲ್ಲ.

ಬಂಧುಗಳೇ, ಈ ಮಾತು ನಿಮಗಾಗಿ. ರಾತ್ರಿಯಿಡೀ ನೆಲದ ಮೇಲೆ ಚಾಪೆ ಹಾಸಿ ಮಲಗುವವರು ನೀವು. ನಿಮ್ಮ ಪ್ರೀತಿಯ ಬಗ್ಗೆ ನಮಗೆ ಯಾವ ಸಂದೇಹವೂ ಇಲ್ಲ. ಆದರೆ ದಾರಿ ತಿಳಿಯದೆ ಎಳೆದರೆ ಸಿಕ್ಕಿಕೊಂಡ ಕಾಲಿಗೇ ನೋವು ಹೆಚ್ಚು. ನಾವು ವಾರ್ಡಿನಲ್ಲಿ ಆಗಾಗ ಕಾಣುವ ಕೆಲವು ಸಂಗತಿಗಳನ್ನು ಇಲ್ಲಿ ಹೇಳುತ್ತೇನೆ.

ಲಕ್ವ ಹೊಡೆದವರಿಗೆ ‘ಪಾಪ, ಬಾಯಿ ಒಣಗಿದೆ’ ಎಂದು ನೀರು ಕುಡಿಸಬೇಡಿ. ನುಂಗುವ ಶಕ್ತಿ ಇಲ್ಲದಿದ್ದರೆ ಆ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ನುಂಗಬಲ್ಲರೇ ಎಂದು ನಾವು ಪರೀಕ್ಷಿಸಿ ಹೇಳುತ್ತೇವೆ.

ಆಪರೇಷನ್ ಆದವರ, ಬಹಳ ದಿನ ಮಲಗಿದವರ ಒಂದು ಕಾಲು ಊದಿ ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಅದು ಕದಲಿ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಮೊದಲು ನಮಗೆ ತೋರಿಸಿ.

ಸಲೈನ್ ಬೇಗ ಮುಗಿಯಲಿ ಎಂದು ಡ್ರಿಪ್ಪಿನ ಚಕ್ರವನ್ನು ತಿರುಗಿಸಬೇಡಿ. ಹೃದಯ ಅಥವಾ ಮೂತ್ರಪಿಂಡ ದುರ್ಬಲವಾಗಿರುವವರಿಗೆ ನೀರು ಒಮ್ಮೆಲೇ ಹೋದರೆ ಉಸಿರು ಕಟ್ಟುತ್ತದೆ.

ಆಪರೇಷನ್ನಿಗೆ ಮುಂಚೆ ಉಪವಾಸವಿರಬೇಕು ಎಂದು ಹೇಳಿದ ಮೇಲೆ ‘ಒಂದು ಗುಟುಕು ಟೀ ಏನಾಗುತ್ತದೆ’ ಎಂದು ಕೊಡಬೇಡಿ. ಅರಿವಳಿಕೆಯಲ್ಲಿ ವಾಂತಿಯಾಗಿ ಅದು ಶ್ವಾಸನಾಳಕ್ಕೆ ಹೋಗಬಹುದು. ಕೊಟ್ಟುಬಿಟ್ಟಿದ್ದರೆ ಮುಚ್ಚಿಡದೆ ಹೇಳಿ. ಯಾರೂ ಬೈಯುವುದಿಲ್ಲ, ಆಪರೇಷನ್ ಹೊತ್ತನ್ನು ಬದಲಾಯಿಸುತ್ತಾರೆ ಅಷ್ಟೇ.

ಮೂರ್ಛೆ ರೋಗದ ಸೆಳೆತ ಬಂದಾಗ ಬಾಯಿಗೆ ಚಮಚ ಇಡಬೇಡಿ, ಕೈಗೆ ಬೀಗದ ಕೈ ಕೊಡಬೇಡಿ, ಮೈಯನ್ನು ಒತ್ತಿ ಹಿಡಿಯಬೇಡಿ. ಒಂದು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಮೆತ್ತನೆಯ ಬಟ್ಟೆ ಇಟ್ಟು ನಮ್ಮನ್ನು ಕರೆಯಿರಿ.

ಇವೆಲ್ಲ ಹಿಂದಿನಿಂದ ಎಳೆಯುವ ಕೆಲಸಗಳು. ಇಂಥ ಹೊತ್ತಿನಲ್ಲಿ ಎಳೆಯುವುದಕ್ಕಿಂತ ಕರೆಯುವುದೇ ಬಂಧುಗಳು ಮಾಡಬಹುದಾದ ದೊಡ್ಡ ಸೇವೆ.

ಪಾಠ ಮೂರು: ಹಿಂದೆ ಕಲಿತದ್ದು ಕಷ್ಟದಲ್ಲಿ ನೆನಪಾಯಿತು

ತನ್ನ ಬಲವೂ ಬಂಧುಗಳ ಬಲವೂ ಸೋತಾಗ ಗಜೇಂದ್ರ ಯೋಚಿಸುತ್ತಾನೆ: ಇವರಿಂದ ನನ್ನನ್ನು ಬಿಡಿಸಲಾಗದು, ಎಲ್ಲರಿಗೂ ಆಶ್ರಯವಾದವನನ್ನೇ ಮೊರೆಹೋಗಬೇಕು. ಮನಸ್ಸನ್ನು ಒಂದೆಡೆ ನಿಲ್ಲಿಸಿ, ಹಿಂದಿನ ಜನ್ಮದಲ್ಲಿ ಕಲಿತಿದ್ದ ಸ್ತೋತ್ರವನ್ನು ನೆನಪಿಗೆ ತಂದುಕೊಳ್ಳುತ್ತಾನೆ.

ಹಿಂದಿನ ಜನ್ಮದಲ್ಲಿ ಅವನು ಇಂದ್ರದ್ಯುಮ್ನ ಎಂಬ ಪಾಂಡ್ಯ ದೇಶದ ರಾಜ, ದೊಡ್ಡ ಭಕ್ತ. ಮಲಯ ಪರ್ವತದಲ್ಲಿ ಮೌನವ್ರತ ಹಿಡಿದು ಪೂಜೆಯಲ್ಲಿದ್ದಾಗ ಅಗಸ್ತ್ಯ ಮುನಿಗಳು ಬಂದರು. ರಾಜ ಮಾತಾಡಿಸಲಿಲ್ಲ, ಸತ್ಕರಿಸಲಿಲ್ಲ. ಮುನಿಗಳ ಶಾಪದಿಂದ ಆನೆಯಾದ. ಮಾತಾಡಬೇಕಾದ ಹೊತ್ತಿನಲ್ಲಿ ಸುಮ್ಮನಿದ್ದವನು ಮಾತಿಲ್ಲದ ಪ್ರಾಣಿಯಾದ. ಕೊನೆಗೆ ಅವನನ್ನು ಉಳಿಸಿದ್ದೂ ಬಾಯಿಬಿಟ್ಟು ಕರೆದ ಕರೆಯೇ. ಇದನ್ನು ಓದುವಾಗಲೆಲ್ಲ ವಾರ್ಡಿನಲ್ಲಿ ತುಟಿ ಕಚ್ಚಿಕೊಂಡು ಮಲಗುವ ನಮ್ಮ ಹಿರಿಯರೇ ನನ್ನ ಕಣ್ಣಮುಂದೆ ಬರುತ್ತಾರೆ.

ಇದರಲ್ಲಿ ನನ್ನಂಥ ಪಾಠ ಹೇಳುವವಳಿಗೆ ಇನ್ನೊಂದು ವಿಷಯ ಕಾಣುತ್ತದೆ. ಮೊಸಳೆ ಹಿಡಿದ ಮೇಲೆ ಹೊಸದಾಗಿ ಸ್ತೋತ್ರ ಕಲಿಯಲು ಆಗುವುದಿಲ್ಲ. ಮೊದಲೇ ಕಲಿತಿದ್ದರೆ ಮಾತ್ರ ಆಗ ಒದಗುತ್ತದೆ. ಡಿಸ್ಚಾರ್ಜ್ ಮಾಡುವಾಗ ನಾವು ‘ಇಂಥ ಲಕ್ಷಣ ಕಂಡರೆ ಕೂಡಲೇ ಬನ್ನಿ’ ಎಂದು ಮತ್ತೆ ಮತ್ತೆ ಹೇಳುವುದು ಇದಕ್ಕೇ. ಆಟೋ ಕರೆಯಲು ಹೊರಟವರು ಅವಸರ ಮಾಡಬೇಡಿ. ಕುಳಿತು ಕೇಳಿ, ಮನೆಯಲ್ಲಿ ಇನ್ನೊಬ್ಬರಿಗೂ ಹೇಳಿಕೊಡಿ. ತುರ್ತು ವಾಹನಕ್ಕೆ 108ಕ್ಕೆ ಕರೆ ಮಾಡಬೇಕು ಎಂಬುದು ಮನೆಯ ಚಿಕ್ಕ ಮಕ್ಕಳಿಗೂ ಬಾಯಿಪಾಠವಾಗಿರಲಿ.

ಸ್ತೋತ್ರದಲ್ಲಿ ಏನಿದೆ?

3ನೇ ಅಧ್ಯಾಯದಲ್ಲಿ ಗಜೇಂದ್ರನ ಸ್ತುತಿ 28 ಶ್ಲೋಕಗಳಷ್ಟಿದೆ. ಅದರಲ್ಲಿ ಒಂದು ವಿಶೇಷವಿದೆ. ಗಜೇಂದ್ರ ಇಂಥ ರೂಪದ, ಇಂಥ ಗುರುತಿನ ದೇವರೇ ಬರಲಿ ಎಂದು ಕರೆಯುವುದಿಲ್ಲ. ಈ ಜಗತ್ತು ಯಾವುದರಿಂದ ಬಂತೋ, ಯಾವುದರಲ್ಲಿ ಇದೆಯೋ, ಎಲ್ಲ ಬುದ್ಧಿಗಳಿಗೂ ಯಾವುದು ಸಾಕ್ಷಿಯೋ ಆ ಪರವಸ್ತುವಿಗೆ ನಮಸ್ಕಾರ ಎನ್ನುತ್ತಾನೆ. ರೂಪ, ಗುರುತುಗಳ ಹಂಗಿಲ್ಲದ ಕರೆಯಾದ್ದರಿಂದ ಬ್ರಹ್ಮಾದಿ ದೇವತೆಗಳು ತಮ್ಮನ್ನು ಕರೆದದ್ದೆಂದು ಭಾವಿಸಿ ಬರಲಿಲ್ಲ, ಎಲ್ಲರ ಆತ್ಮನಾದ ಹರಿಯೇ ಬಂದ ಎಂದು ಭಾಗವತ ಹೇಳುತ್ತದೆ. ಆದ್ದರಿಂದ ಈ ಸ್ತೋತ್ರವನ್ನು ಯಾರು ಬೇಕಾದರೂ ತಮ್ಮ ತಮ್ಮ ಇಷ್ಟದೈವವನ್ನು ನೆನೆದು ಹೇಳಿಕೊಳ್ಳಬಹುದು. ಸಂಸ್ಕೃತ ಬಾರದವರು ಅದರ ಅರ್ಥವನ್ನು ತಮ್ಮ ಮಾತಿನಲ್ಲೇ ಹೇಳಿಕೊಂಡರೂ ಸಾಕು.

ಈ ಕಥೆಯನ್ನು ನೆನೆದರೆ ಕೆಟ್ಟ ಕನಸುಗಳು ಶಾಂತವಾಗುತ್ತವೆ ಎಂದು 4ನೇ ಅಧ್ಯಾಯದಲ್ಲಿದೆ. ಬೆಳಗಿನ ಜಾವ ಎದ್ದು ಇದನ್ನು ಹೇಳುವ ಪದ್ಧತಿ ಬಂದದ್ದು ಹೀಗೆ. ಆಸ್ಪತ್ರೆಯಲ್ಲಿ ಹೊಸ ಜಾಗ, ದೀಪದ ಬೆಳಕು, ಪಕ್ಕದ ಹಾಸಿಗೆಯವರ ನರಳಾಟದಿಂದ ನಿದ್ದೆ ಕೆಡುವುದು ಸಹಜ. ನಿಧಾನವಾಗಿ, ಉಸಿರಿನ ಜೊತೆಯಲ್ಲಿ ಮೆಲ್ಲನೆ ಸ್ತೋತ್ರ ಹೇಳಿಕೊಂಡರೆ ಮನಸ್ಸಿಗೆ ಒಂದು ಆಸರೆ ಸಿಗುತ್ತದೆ, ಉಸಿರಾಟ ನಿಧಾನವಾಗುತ್ತದೆ, ಭಯ ತಗ್ಗುತ್ತದೆ. ಪಕ್ಕದವರ ನಿದ್ದೆ ಕೆಡದಂತೆ ಮೆಲುದನಿಯಲ್ಲಿ ಹೇಳಿಕೊಳ್ಳಿ, ಮೊಬೈಲಿನಲ್ಲಿ ಕೇಳುವವರು ಇಯರ್‌ಫೋನ್ ಹಾಕಿಕೊಳ್ಳಿ.

ಆದರೆ ಒಂದು ಮಾತು. ಸ್ತೋತ್ರ ಮುಗಿಯಲಿ ಎಂದು ಕರೆಗಂಟೆ ಒತ್ತುವುದನ್ನು ತಡಮಾಡಬೇಡಿ. ಉಸಿರು ಕಟ್ಟುತ್ತಿರುವ ತಂದೆಯ ಪಕ್ಕದಲ್ಲಿ ಮಗ ಕಣ್ಣುಮುಚ್ಚಿ ಪಾರಾಯಣ ಮಾಡುತ್ತಿದ್ದುದನ್ನು ನಾನು ಕಂಡಿದ್ದೇನೆ. ಭಕ್ತಿ ದೊಡ್ಡದೇ. ಆದರೆ ನಾಲಿಗೆ ದೇವರನ್ನು ಕರೆಯುತ್ತಿರುವಾಗ ಬೆರಳು ಗಂಟೆಯನ್ನು ಒತ್ತಬಹುದು. ಒಂದಕ್ಕೊಂದು ವಿರೋಧವಿಲ್ಲ.

ಪಾಠ ನಾಲ್ಕು: ಬಂದವನು ಮೊದಲು ಮಾಡಿದ ಕೆಲಸ

ದೇವರು ಗರುಡನ ಮೇಲೆ ಬರುವುದನ್ನು ಕಂಡ ಗಜೇಂದ್ರ ತಾವರೆಯೊಂದನ್ನು ಸೊಂಡಿಲಿನಲ್ಲಿ ಎತ್ತಿ ಹಿಡಿದು ಬಹಳ ಕಷ್ಟದಿಂದ ನಮಸ್ಕಾರದ ಮಾತನ್ನು ಹೇಳಿದ. ಅಷ್ಟು ಹೊತ್ತು ಉದ್ದವಾಗಿ ಸ್ತುತಿಸಿದವನಿಗೆ ಕೊನೆಗೆ ಕೆಲವೇ ಮಾತುಗಳು ಸಾಕಾದವು. ದೇವರು ಗರುಡನಿಂದ ಕೆಳಗೆ ಇಳಿದ. ಮೊದಲು ಆನೆಯನ್ನು ಮೊಸಳೆಯ ಸಮೇತ ಸರೋವರದಿಂದ ಮೇಲಕ್ಕೆ ಎತ್ತಿದ. ಆಮೇಲೆ ಚಕ್ರದಿಂದ ಮೊಸಳೆಯ ಬಾಯನ್ನು ಸೀಳಿ ಬಿಡಿಸಿದ.

ಈ ಕ್ರಮವನ್ನು ಗಮನಿಸಿ. ಮೊದಲು ನೀರಿನಿಂದ ಹೊರಗೆ, ಆಮೇಲೆ ಶಸ್ತ್ರ. ಆಸ್ಪತ್ರೆಯ ತುರ್ತು ವಿಭಾಗದಲ್ಲಿಯೂ ಇದೇ ಕ್ರಮ. ರೋಗಿ ಬಂದ ಕೂಡಲೇ ಉಸಿರಾಟ, ನಾಡಿ, ರಕ್ತದೊತ್ತಡ ನೋಡುತ್ತೇವೆ. ಬೇಕಿದ್ದರೆ ಆಮ್ಲಜನಕ ಹಾಕುತ್ತೇವೆ, ರಕ್ತನಾಳಕ್ಕೆ ಸೂಜಿ ಇಡುತ್ತೇವೆ. ‘ಏನು ಕಾಯಿಲೆ ಎಂದು ಹೇಳದೆ ಇದೆಲ್ಲ ಏಕೆ’ ಎಂದು ಬಂಧುಗಳು ಸಿಟ್ಟಾಗುವುದುಂಟು. ಮೊದಲು ರೋಗಿಯನ್ನು ನೀರಿನಿಂದ ಮೇಲೆತ್ತುತ್ತಿದ್ದೇವೆ ಎಂದು ತಿಳಿಯಿರಿ. ಮೊಸಳೆಯ ಹೆಸರನ್ನು ಆಮೇಲೆ ಹೇಳುತ್ತೇವೆ.

ಪೋತನನ ಬಗ್ಗೆ ತೆಲುಗು ನಾಡಿನಲ್ಲಿ ಒಂದು ಕಥೆ ಹೇಳುತ್ತಾರೆ. ಆನೆಯ ಕೂಗು ಕೇಳಿದ ವಿಷ್ಣು ಲಕ್ಷ್ಮಿಗೂ ಹೇಳದೆ, ಶಂಖ ಚಕ್ರಗಳನ್ನೂ ಹಿಡಿಯದೆ ಓಡಿಬಂದ ಎಂದು ಪೋತನ ಬಣ್ಣಿಸಿದ್ದಾನೆ. ‘ಆಯುಧವಿಲ್ಲದೆ ಹೋಗಿ ಏನು ಮಾಡುತ್ತಾನೆ, ತಮಾಷೆ ನೋಡಲಿಕ್ಕೋ?’ ಎಂದು ಕವಿ ಶ್ರೀನಾಥ ನಕ್ಕನಂತೆ. ಪೋತನ ಸುಮ್ಮನಿದ್ದ. ಸ್ವಲ್ಪ ಹೊತ್ತಿನ ಮೇಲೆ ಬಾವಿಗೆ ಒಂದು ಕಲ್ಲು ಎಸೆದು ‘ನಿನ್ನ ಮಗು ಬಾವಿಗೆ ಬಿತ್ತು’ ಎಂದು ಕೂಗಿದ. ಶ್ರೀನಾಥ ಬರಿಗೈಯಲ್ಲೇ ಓಡಿಬಂದ. ‘ಹಗ್ಗ ಎಲ್ಲಿ, ಏಣಿ ಎಲ್ಲಿ?’ ಎಂದು ಪೋತನ ಕೇಳಿದನಂತೆ. ಪ್ರೀತಿ ಇರುವವರು ಹೀಗೆಯೇ ಓಡುತ್ತಾರೆ. ನಮ್ಮ ದಾದಿಯರಿಗೆ ಮಾತ್ರ ‘ನೀವು ಓಡಿ, ಆದರೆ ಟ್ರಾಲಿಯ ಜೊತೆ ಓಡಿ’ ಎಂದು ನಾನು ಕಲಿಸುತ್ತೇನೆ. ನೀವು ಬರಿಗೈಯಲ್ಲಿ ಓಡಿಬನ್ನಿ, ಆಯುಧ ತರುವ ಕೆಲಸ ನಮ್ಮದು.

ಕೂಗದೆ ಇರುವವರು

ಕರೆಗಂಟೆ ತಲೆಯ ಪಕ್ಕದಲ್ಲೇ ಇದ್ದರೂ ಒತ್ತದವರು ಬಹಳ. ‘ಸಿಸ್ಟರ್ ಈಗ ತಾನೇ ಊಟಕ್ಕೆ ಕುಳಿತರು’, ‘ಆಗಲೇ ಎರಡು ಸಲ ಕರೆದಾಯಿತು’, ‘ಹೆಣ್ಣುಮಗಳು, ಹೇಗೆ ಹೇಳಲಿ’, ‘ಹೇಳಿದರೆ ಇನ್ನೊಂದು ಪರೀಕ್ಷೆ ಬರೆಯುತ್ತಾರೆ, ಮಗನಿಗೆ ಖರ್ಚು’ – ಹೀಗೆ ಕಾರಣಗಳು. ಅಜ್ಜಂದಿರು ಒಬ್ಬರೇ ಎದ್ದು ಬಚ್ಚಲಿಗೆ ಹೋಗಿ ಜಾರಿ ಬೀಳುವುದು ಇದರಿಂದಲೇ. ಹೆರಿಗೆಯಾದ ಹೆಣ್ಣುಮಕ್ಕಳು ರಕ್ತ ಹೆಚ್ಚು ಹೋಗುತ್ತಿದ್ದರೂ ನಾಚಿಕೆಯಿಂದ ಸುಮ್ಮನಿರುವುದು ಇದರಿಂದಲೇ. ನಿಮಗೆ ತೊಂದರೆಯಾಗಿ ಕರೆದರೆ ಅದು ನಮಗೆ ತೊಂದರೆಯಲ್ಲ. ಅದು ನಮ್ಮ ಕೆಲಸ. ಮೂರನೆಯ ಸಲ ಕರೆಯಬೇಕಾದರೆ ಮೂರನೆಯ ಸಲವೂ ಕರೆಯಿರಿ. ಖರ್ಚಿನ ಚಿಂತೆ ಇದ್ದರೆ ಅದನ್ನೂ ಬಾಯಿಬಿಟ್ಟು ಹೇಳಿ. ನೋವನ್ನು ಮುಚ್ಚಿಟ್ಟು ಉಳಿಸಿದ ಹಣ ಉಳಿತಾಯವಲ್ಲ.

ಮನಸ್ಸಿನ ನೋವಿಗೂ ಇದೇ ಮಾತು. ದೀರ್ಘ ಕಾಯಿಲೆಯವರಿಗೆ, ಅವರನ್ನು ನೋಡಿಕೊಂಡು ಬಳಲಿದವರಿಗೆ ‘ಇನ್ನು ಸಾಕು, ಬದುಕಿ ಏನು’ ಎಂಬ ಯೋಚನೆ ಬರಬಹುದು. ಅದೂ ಕಾಲು ಹಿಡಿಯುವ ಮೊಸಳೆಯೇ. ಒಂಟಿಯಾಗಿ ಸೆಣಸಬೇಡಿ. ನಮಗೆ ಹೇಳಿ. 2022ರಲ್ಲಿ ಆರಂಭವಾದ ಸರಕಾರದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಮಾತಾಡಬಹುದು.

ಕೂಗಿದರೂ ಉಳಿಯದಿದ್ದರೆ?

ಈ ಪ್ರಶ್ನೆಯನ್ನು ಬಿಟ್ಟು ಪಾಠ ಮುಗಿಸುವುದು ನ್ಯಾಯವಲ್ಲ. ಬೇಗ ಕರೆತಂದರೂ, ಎಲ್ಲ ಚಿಕಿತ್ಸೆ ಮಾಡಿದರೂ, ಮನೆಯವರೆಲ್ಲ ಪ್ರಾರ್ಥಿಸಿದರೂ ಕೆಲವರು ಉಳಿಯುವುದಿಲ್ಲ. ‘ಆನೆಯ ಕೂಗು ಕೇಳಿದ ದೇವರಿಗೆ ನಮ್ಮ ಕೂಗು ಕೇಳಲಿಲ್ಲವೇ, ನಮ್ಮ ಭಕ್ತಿಯಲ್ಲಿ ಕೊರತೆ ಇತ್ತೇ’ ಎಂದು ಬಂಧುಗಳು ನಮ್ಮನ್ನು ಕೇಳಿದ್ದಾರೆ.

ಕಥೆಯನ್ನು ಪೂರ್ತಿಯಾಗಿ ಓದಿದರೆ ಒಂದು ಸಮಾಧಾನ ಸಿಗುತ್ತದೆ. ಗಜೇಂದ್ರ ತನ್ನ ಸ್ತುತಿಯಲ್ಲಿ ‘ಈ ಆನೆಯ ದೇಹದಲ್ಲಿ ಇನ್ನಷ್ಟು ಕಾಲ ಬದುಕಿಸು’ ಎಂದು ಕೇಳುವುದಿಲ್ಲ. ತನ್ನನ್ನು ಮುಚ್ಚಿರುವ ಅಜ್ಞಾನದಿಂದ ಬಿಡುಗಡೆ ಕೇಳುತ್ತಾನೆ. ಕೊನೆಗೆ ಅವನು ಆನೆಯ ದೇಹವನ್ನು ಬಿಟ್ಟು ಭಗವಂತನ ರೂಪವನ್ನೇ ಪಡೆದು ಅವನೊಡನೆ ಹೋಗುತ್ತಾನೆ. ಕಥೆಯ ಹೆಸರಿನಲ್ಲಿಯೇ ‘ಮೋಕ್ಷ’ ಎಂದಿದೆ. ಮೊಸಳೆಗೂ ಬಿಡುಗಡೆಯಾಯಿತು. ಅದು ದೇವಲ ಮುನಿಗಳ ಶಾಪಕ್ಕೆ ಸಿಕ್ಕಿದ್ದ ಹೂಹೂ ಎಂಬ ಗಂಧರ್ವ.

ಇನ್ನೂ ದೊಡ್ಡ ಮಾತೆಂದರೆ, ಈ ಕಥೆಯನ್ನು ಕೇಳುತ್ತಿದ್ದವನು ಯಾರು? ಪರೀಕ್ಷಿತ. ಏಳು ದಿನಗಳಲ್ಲಿ ಹಾವು ಕಚ್ಚಿ ಸಾಯಬೇಕೆಂಬ ಶಾಪ ಪಡೆದು ಗಂಗೆಯ ದಡದಲ್ಲಿ ಕುಳಿತಿದ್ದವನು. ರಕ್ಷಣೆಯ ಈ ಕಥೆಯನ್ನು ಶುಕಮುನಿಗಳು ಸಾವಿನಿಂದ ತಪ್ಪಿಸಿಕೊಳ್ಳಲಾಗದವನಿಗೆ ಹೇಳಿದರು. ಕಥೆ ಕೇಳಿ ಪರೀಕ್ಷಿತ ಸಾವಿನಿಂದ ಪಾರಾಗಲಿಲ್ಲ, ಭಯದಿಂದ ಪಾರಾದ. ಏಳು ದಿನವೂ ಅವನು ಒಂಟಿಯಾಗಿರಲಿಲ್ಲ. ಪಕ್ಕದಲ್ಲಿ ಕುಳಿತು ಮಾತಾಡುವವರಿದ್ದರು.

ಆದ್ದರಿಂದ ಪ್ರೀತಿಯವರನ್ನು ಕಳೆದುಕೊಂಡ ಬಂಧುಗಳೇ, ನಿಮ್ಮ ಭಕ್ತಿಯನ್ನು ತೂಗಿ ನೋಡಿ ನಿಮ್ಮನ್ನೇ ದಂಡಿಸಿಕೊಳ್ಳಬೇಡಿ. ವಾಸಿಯಾಗದ ಕಾಯಿಲೆಯಲ್ಲಿಯೂ ನೋವು ಕಡಿಮೆ ಮಾಡಲು, ಉಸಿರಾಟ ಸರಾಗ ಮಾಡಲು, ಗಾಯ ಶುಚಿಯಾಗಿಡಲು, ಕೈ ಹಿಡಿದು ಕುಳಿತುಕೊಳ್ಳಲು ಆಗುತ್ತದೆ. ಇವಕ್ಕಾಗಿ ಕರೆಯುವ ಕೂಗಿಗೂ ಉತ್ತರವಿದೆ.

ಕೂಡಲೇ ಕರೆಯಬೇಕಾದ ಲಕ್ಷಣಗಳು

1. ಎದೆನೋವು, ಎದೆ ಹಿಂಡಿದಂತಾಗುವುದು, ತಣ್ಣನೆಯ ಬೆವರು.
2. ಉಸಿರು ಕಟ್ಟುವುದು, ತುಟಿ ಉಗುರು ನೀಲಿಯಾಗುವುದು.
3. ಬಾಯಿ ವಾಲುವುದು, ಕೈಕಾಲು ಸೋಲುವುದು, ಮಾತು ತೊದಲುವುದು.
4. ಚಳಿನಡುಕದ ಜ್ವರ, ಅದರ ಜೊತೆ ಮಂಕು, ವೇಗದ ಉಸಿರು, ಮೂತ್ರ ಕಡಿಮೆಯಾಗುವುದು.
5. ರಕ್ತ ಹಾಕುತ್ತಿರುವಾಗ ನಡುಕ, ತುರಿಕೆ, ಬೆನ್ನುನೋವು, ಉಬ್ಬಸ.
6. ಸೂಜಿ ಚುಚ್ಚಿದ ಜಾಗ ಊದಿ ಉರಿಯುವುದು.
7. ಸಕ್ಕರೆ ಕಾಯಿಲೆಯವರಿಗೆ ಬೆವರು, ನಡುಕ, ಗಲಿಬಿಲಿ.
8. ಬಾಣಂತಿಗೆ ಒಂದು ಗಂಟೆಯಲ್ಲಿ ಒಂದು ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತಸ್ರಾವ.
9. ಎಳೆಗೂಸು ಹಾಲು ಕುಡಿಯದೆ ಮಂಕಾಗಿ ಮಲಗಿರುವುದು.
10. ಹೊಲಿಗೆಯ ಜಾಗದಿಂದ ರಕ್ತ, ಕೀವು ಬರುವುದು, ಒಂದು ಕಾಲು ಮಾತ್ರ ಊದುವುದು.

ಕರೆಯುವಾಗ ನಾಲ್ಕು ಮಾತು ಹೇಳಿ: ಯಾವ ಹಾಸಿಗೆ, ಏನಾಗುತ್ತಿದೆ, ಎಷ್ಟು ಹೊತ್ತಿನಿಂದ, ಮೊದಲಿಗಿಂತ ಹೆಚ್ಚಾಗಿದೆಯೇ. ಅಷ್ಟು ಸಾಕು. ಮಾತಾಡಲು ಆಗದವರು ಕೈ ಎತ್ತಿ ತೋರಿಸಿ. ಗಜೇಂದ್ರ ತಾವರೆ ಎತ್ತಿ ಹಿಡಿದದ್ದೂ ಹಾಗೆಯೇ.

ಈ ಪಾಠ ಓದಿ ಮುಗಿಸಿದ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ರೋಗಿಯ ಕರೆಗಂಟೆ ಅವರ ಕೈಗೆ ಎಟುಕುತ್ತದೆಯೇ ಎಂದು ನೋಡಿ. ಎಟುಕದಿದ್ದರೆ ಹತ್ತಿರಕ್ಕೆ ಸರಿಸಿ. ಕೆಟ್ಟಿದ್ದರೆ ಈಗಲೇ ಬಂದು ನಮಗೆ ತಿಳಿಸಿ. ಎಲ್ಲರೂ ಬೇಗ ಗುಣವಾಗಿ ನಿಮ್ಮ ನಿಮ್ಮ ಮನೆ ಸೇರುವಂತಾಗಲಿ.